ಅಕ್ಕಿ ಕೋಣೆಯ ಬುಧವಾರಗಳು

ಆಗೆಲ್ಲ ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಮನೆಗೆ ಹೋಗುತ್ತಿರಲಿಲ್ಲ, ಬ್ಯಾರನ್ನಿಗೆ ಹೋಗುತ್ತಿದ್ದರು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಕಟ್ಟಡದ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವರು. ಮಕ್ಕಳು ಪಕ್ಕದಲ್ಲಿ ನಿಂತು ಎಲೆ ಜೋಡಿಸಿ ಕೈಗೆ ಕೊಡಬೇಕು. ಬೆರಳಿಗೆ ಕಪ್ಪಗೆ ಮೆತ್ತಿದ ಅಂಟು ಸೋಪಿಗೂ ಬಗ್ಗದು. ಕಲಸಿದ ಅನ್ನವೆಲ್ಲ ಕಹಿ. ಆ ಕಡೆ ಬೆಳೆದವರ ನಾಲಿಗೆಯ ಮೇಲೆ ಆ ಕಹಿ ಈಗಲೂ ಇದ್ದೀತು.

ನನಗೆ ಹತ್ತು ವರ್ಷ, ತಮ್ಮ ಮಾದೇಶನಿಗೆ ಏಳು. ಚೌಕಾಸಿ ನನಗೆ ಆಗಲೇ ಕೈಗೆ ಹತ್ತಿತ್ತು. ಅವ್ವ ಕೆಲಸದ ನಡುವೆ ತಿನ್ನಲೆಂದು ನಮಗೆ ತಲಾ ಎರಡು ಹುರಿಗಡಲೆ ಉಂಡೆ ಕೊಡುತ್ತಿದ್ದಳು.

"ಲೇ ಮಾದೇಶ, ಇವತ್ತು ನನ್ ಪಾಲಿನ್ ಸೊಪ್ಪೂ ನೀನೇ ಎತ್ಕೊಡು. ನನ್ ಉಂಡೆ ಕೊಡ್ತೀನಿ."

"ಎಲ್ಡೂ ಕೊಡು."

"ಒಂದೇಯ. ಬೇಕಾದ್ರೆ ತಕೋ, ಇಲ್ದಿದ್ರೆ ಬುಡು."

ತಗೊಂಡ. ನಾನು ಕತ್ತಲಾಗುವವರೆಗೂ ಕುಂಟೆಬಿಲ್ಲೆ ಆಡಿದೆ. ಮಳೆ ಬಂದಿತ್ತು, ಎಲೆಗಳೆಲ್ಲ ಒದ್ದೆ. ಮಾರನೆಯ ದಿನ ಅವನಿಗೆ ಜ್ವರ. ಐದನೆಯ ದಿನ ಆಸ್ಪತ್ರೆಯಿಂದ ಬಟ್ಟೆ ಸುತ್ತಿ ತಂದರು. ಮೆದುಳು ಜ್ವರ ಎಂದು ಡಾಕ್ಟರು ಹೇಳಿದ್ದರಂತೆ. ನನಗೆ ಯಾರೂ ಏನೂ ಹೇಳಲಿಲ್ಲ. ಎರಡು ಪಾಲು ಒದ್ದೆ ಸೊಪ್ಪು ಎತ್ತಿಕೊಟ್ಟದ್ದಕ್ಕೇ ಸತ್ತ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಅಳು ಬರಲಿಲ್ಲ. ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರೆ ನಾನು ಸುಮ್ಮನೆ ನಿಂತಿದ್ದೆ. "ಎಂಥ ಕಲ್ಲವ್ವ ಇದು! ಒಂದ್ ತೊಟ್ಟು ಕಣ್ಣೀರ್ ಬರ್ನಿಲ್ವಲ್ಲ" ಎಂದಳು ದೊಡ್ಡವ್ವ. ಎದರ್ಕಂಡವಳೆ ಎಂದು ತಾಯಿತ ಕಟ್ಟಿಸಿದರು. ಅದರ ಕರಿದಾರ ಕುತ್ತಿಗೆಗೆ ಕಡಿಯುತ್ತಿತ್ತು, ಅಷ್ಟೇ. ತಿಂದೆ, ಮಲಗಿದೆ, ಶಾಲೆಗೆ ಹೋದೆ, ಲೆಕ್ಕ ಸರಿಯಾಗೇ ಮಾಡಿದೆ. ಊಟಕ್ಕೆ ಮಾತ್ರ ರುಚಿ ಇರಲಿಲ್ಲ. ಜನ ಗೋಡೆಯ ಆಚೆ ನಿಂತು ಮಾತಾಡಿದಂತೆ ಕೇಳುತ್ತಿತ್ತು.

ಆ ವರ್ಷ ನಮ್ಮ ಶಾಲೆಗೆ ಬುಧವಾರಕ್ಕೊಮ್ಮೆ ಒಬ್ಬರು ಮಿಸ್ಸು ಬರುತ್ತಿದ್ದರು. ಮಕ್ಕಳ ಮನಸ್ಸಿನ ಕಷ್ಟ ಕೇಳುವುದು ಅವರ ಕೆಲಸ. ಬೇರೆ ಜಾಗ ಇಲ್ಲದೆ ಬಿಸಿಯೂಟದ ಅಕ್ಕಿ ಕೋಣೆಯಲ್ಲಿ ಕೂರಿಸಿದ್ದರು. ಗೋಣಿಯ ಧೂಳು, ತೊಗರಿಬೇಳೆಯ ವಾಸನೆ. "ಅಕ್ಕಿ ಕ್ವಾಣೆಗೆ ಓಗೋರ್ಗೆ ಉಚ್ಚು ಕಣ್ಲಾ" ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಮೇಷ್ಟ್ರು ನನ್ನನ್ನು ಕಳಿಸಿದರು.

"ಮಾತಾಡಿದ್ರೆ ಏನ್ ಕೊಡ್ತೀರಿ ಮಿಸ್?" ಎಂದೆ.

"ಏನೂ ಕೊಡಲ್ಲ. ಮಾತಾಡದೆ ಇದ್ರೂ ಏನೂ ಕಿತ್ಕೊಳ್ಳಲ್ಲ."

ಅಂಥ ವ್ಯವಹಾರ ನಾನು ಕಂಡಿರಲಿಲ್ಲ. ಮಿಸ್ಸು ಅಡುಗೆಯವರಿಂದ ಒಂದು ಮೊರ ಅಕ್ಕಿ ತಂದು ನಡುವೆ ಇಟ್ಟರು. ಇಬ್ಬರೂ ಕಲ್ಲು ಆರಿಸುತ್ತ ಕೂತೆವು. ಮೂರು ಬುಧವಾರ ಹಾಗೇ ಹೋಯಿತು. ನಾಲ್ಕನೆಯದರಲ್ಲಿ ತಲೆ ಎತ್ತದೆ ಹೇಳಿದೆ: "ನನ್ ತಮ್ಮನ್ನ ಒಂದ್ ಉಂಡೆಗೆ ಸಾಯಿಸ್ಬುಟ್ಟೆ ಮಿಸ್."

ಅವರ ಕೈ ನಿಂತಿತು. ಛೆಛೆ ಎನ್ನಲಿಲ್ಲ. ಯಾವತ್ತು, ಎಷ್ಟು ಎಲೆ, ಅವನು ಏನಂದ, ಎಲ್ಲ ಕೇಳಿದರು. ಆಮೇಲೆ, "ಸೊಪ್ಪು ಎತ್ತಿಕೊಟ್ರೆ ಆ ಜ್ವರ ಬರಲ್ಲ ಪುಟ್ಟ. ಇದನ್ನ ನಿಮ್ಮವ್ವಂಗೂ ಹೇಳೋಣ್ವಾ?" ಎಂದರು. ಅವ್ವ ಹೊಡೆಯದಂತೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಒಪ್ಪಿದೆ.

ಮುಂದಿನ ಬುಧವಾರ ಅವ್ವ ಬ್ಯಾರನ್ನಿನಿಂದ ನೇರ ಬಂದಳು, ಕಪ್ಪು ಕೈಯಲ್ಲೇ. "ಏನಾರ ಕದ್ದವಳಾ ಮಿಸ್ಸೇ? ನಾನೇ ನಾಕ್ ಬಾರಿಸ್ತೀನಿ ಬುಡಿ" ಎಂದು ಬಾಗಿಲಲ್ಲೇ ಶುರು ಮಾಡಿದವಳನ್ನು ಮಿಸ್ಸು ಅಕ್ಕಿ ಮೂಟೆಯ ಮೇಲೆ ಕೂರಿಸಿದರು. ನಾನು ಹೇಳಿದೆ. ಅವ್ವ ಮೊರದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದಳು.

"ಇಷ್ಟ್ ದಿನ ಅಂಗಂದ್ಕಂಡಿದ್ದಾ? ಅವ್ನು ಅವತ್ತೇ ಹೇಳ್ದ ಕಣವ್ವ. 'ಅವ್ವ, ಎಂಗೂ ನಿನ್ ಪಕ್ಕದಲ್ಲೇ ಇರ್ತಿದ್ದೆ. ಎಲ್ಡು ಕೇಳ್ದೆ, ಒಂದ್ ಕೊಟ್ಳು. ಆದ್ರೂ ಪುಕ್ಸಟ್ಟೆ ಸಿಕ್ತಲ್ಲ! ಅಕ್ಕನ್ನ ಏಮಾರಿಸ್ದೆ' ಅಂತ ನಗ್ತಾ ತಿಂದ."

ಆಗಲೂ ನಾನು ಅಳಲಿಲ್ಲ. ಆದರೆ ಆ ಮಧ್ಯಾಹ್ನ ಬಿಸಿಯೂಟದ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನನಗೆ ಗೊತ್ತಾಯಿತು.

ಅಷ್ಟರಲ್ಲಿ ಕೋಣೆಯಲ್ಲಿ ಮಿಸ್ಸು ಅವ್ವನ ಕಡೆ ತಿರುಗಿದ್ದರು. "ನೀವು ಹೇಗಿದೀರಮ್ಮ?"

"ನಂಗೇನಾಗದೆ? ಕಡ್ಡಿ ಅರ್ಧಕ್ಕೆ ಬುಟ್ಟು ಬಂದಿವ್ನಿ" ಎಂದು ಎದ್ದಳು. ಬಾಗಿಲಲ್ಲಿ ನಿಂತು, ನಮ್ಮ ಕಡೆ ನೋಡದೆ, "ಜ್ವರ ಅಂದ್ ದಿನ್ವೇ ಆಸ್ಪತ್ರೆಗ್ ಕರ್ಕಂಡೋಗ್ನಿಲ್ಲ. ಈ ಬ್ಯಾರನ್ ಒಂದ್ ತುಂಬ್ಲಿ ಅಂದೆ" ಎಂದು ಹೊರಟೇಹೋದಳು. ಮುಂದಿನ ವಾರ ಬರಲು ಮಿಸ್ಸು ಹೇಳಿ ಕಳಿಸಿದರು. ಮತ್ತೂ ಕಳಿಸಿದರು. ಸೊಪ್ಪಿನ ಕಾಲ, ಅವ್ವ ಹೋಗಲಿಲ್ಲ. ಮರುವರ್ಷ ಮಿಸ್ಸೂ ಬರಲಿಲ್ಲ.

ಈಗ ನಾನು ಹುಣಸೂರು, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ನಿಂತು ಶುಂಠಿಗೆ ದರ ಕಟ್ಟುತ್ತೇನೆ. ಮಾತಿನಲ್ಲಿ ಸುಲಭಕ್ಕೆ ಸೋಲುವವಳಲ್ಲ. ಮಕ್ಕಳಿರುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿ: ನಿಮ್ಮ ಶಾಲೆಗೆ ಅಂಥವರು ಬಂದರೆ ಮಗುವನ್ನಷ್ಟೇ ಕಳಿಸಬೇಡಿ. ನೀವೂ ಹೋಗಿ ಮೂಟೆಯ ಮೇಲೆ ಕೂರಿ. ಒಂದು ಸಲ ಅಲ್ಲ, ಕರೆದಷ್ಟು ಸಲ. ನಾನು ಆ ಕೋಣೆಯಿಂದ ಹೊರಗೆ ಬಂದೆ. ಅವ್ವ ಬಾಗಿಲಲ್ಲೇ ಉಳಿದಳು.

ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಅವಳು ಮಾದೇಶನ ಎಲೆಗೆ ಎರಡು ಉಂಡೆ ಇಡುತ್ತಾಳೆ. ಹೋದ ಸಲ ಪಕ್ಕದಲ್ಲಿ ಕೂತು, "ಅವ್ವ, ಆ ಜ್ವರದ್ ದಿನ..." ಎಂದೆ.

"ಎಡೆ ಆರೋಯ್ತದೆ," ಎಂದಳು. "ಕೈಮುಗಿ."

ಮುಗಿದೆ.