ಮೊದಲು ತೊಟ್ಟಿ, ಆಮೇಲೆ ಕಾಫಿ

ಮಂಡಿ ಮೊಹಲ್ಲಾದ ಆಶಾ ಕಾರ್ಯಕರ್ತೆ ಮಾದೇವಮ್ಮ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ನೀರಿನ ತೊಟ್ಟಿಯನ್ನು, ಆಮೇಲೆ ಮನೆಯವರನ್ನು. "ಕಾಫಿ ಇರ್ಲಿ ಕಣಮ್ಮ, ಫ್ರಿಜ್ ಹಿಂದಿನ ಟ್ರೇ ತೋರ್ಸಿ," ಅನ್ನುತ್ತ ಟಾರ್ಚ್ ಬಿಡುತ್ತಾಳೆ. ಮರಿಹುಳ ಕಂಡರೆ, "ಡೆಂಗಿ ಸೊಳ್ಳೆಗೆ ಬಾಣಂತನ ಮಾಡ್ತಿದೀರಾ?" ಎಂದು ರೇಗಿಸಿ, ನೀರು ಚೆಲ್ಲಿಸಿ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಾಳೆ. ಮದುವೆಗೆ ಹೋದರೂ ಅಕ್ಷತೆ ಹಾಕುವ ಮೊದಲು ಛತ್ರದ ಡ್ರಮ್ಮುಗಳಿಗೆ ಒಂದು ಸುತ್ತು ಹಾಕಿ ಬರುವವಳು. ಮಗಳು ವರ್ಷಿಣಿ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ ವರ್ಷ, ಬೀದಿಯ ತೊಟ್ಟಿಗಳನ್ನೆಲ್ಲ ನೋಡಿದ್ದವಳಿಗೆ ಸ್ವಂತ ಕಿಟಕಿಯಲ್ಲಿದ್ದ ಮನಿಪ್ಲಾಂಟ್ ಬಾಟಲಿ ಮಾತ್ರ ಕಂಡಿರಲಿಲ್ಲ. ಅಂದಿನಿಂದ ವಾರದ ತಪಾಸಣೆಯಲ್ಲಿ ಕೊನೆಯ ಮನೆ ಅವಳ ಸ್ವಂತದ್ದೇ. ಹೊರಗೇ ನಿಂತು, "ಯಾರಮ್ಮ ಮನೇಲಿ?" ಅಂತ ಕೂಗುತ್ತಾಳೆ. "ಬನ್ನಿ ಮೇಡಂ, ನಮ್ಮನೇಲಿ ಬಾಣಂತನ ಇಲ್ಲ," ಅನ್ನುತ್ತಾಳೆ ವರ್ಷಿಣಿ. ಆದರೂ ಮೂಲೆಮೂಲೆಗೂ ಟಾರ್ಚ್ ಬಿಟ್ಟು, ತನ್ನ ಬಾಗಿಲಿಗೂ ತಾರೀಖು ಬರೆದ ಮೇಲೇ ಅವಳು ಮಗಳನ್ನು ಕಾಫಿ ಕೇಳುವುದು.