ಪಿಳ್ಳಪ್ಪ ತಾತನ ಹತ್ತರ ಎಣಿಕೆ

ಪಿಳ್ಳಪ್ಪ ತಾತ ಎದುರಿಗಿದ್ದವರ ಮುಖ ನೋಡುವ ಮೊದಲು ಅವರ ಮನೆಯ ತಾರಸಿ ನೋಡುತ್ತಿದ್ದರು. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಬಾಗಿಲಲ್ಲಿ ನಿಂತು ಒಮ್ಮೆ ಕತ್ತೆತ್ತಿ, ‘ಹದಿನೆಂಟಡಿ ಪೈಪು, ಎಂಟು ಕಡ್ಡಿ. ಇಲ್ಲಿಂದ ಕಿತ್ರು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡ ಮೇಲೆಯೇ ಚಪ್ಪಲಿ ಬಿಡುತ್ತಿದ್ದುದು. ಊರವರು ಇದನ್ನು ಮರುಳು ಎಂದುಕೊಂಡಿದ್ದರು. ಅದು ಮರುಳಲ್ಲ, ಹಗೆ. ಹಗೆಯನ್ನು ಇಷ್ಟು ಅಚ್ಚುಕಟ್ಟಾಗಿ ಕಾಪಾಡಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕ್ಷಮೆಯೇ ದೊಡ್ಡ ಗುಣವೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎರಡು ಸಲ ವಾದಿಸಿ, ಎರಡು ಸಲವೂ ಬಹುಮಾನ ತಂದವಳು ನಾನು. ಆ ಎರಡೂ ವಾದಗಳನ್ನು ಇಲ್ಲಿ ವಾಪಸು ಪಡೆಯುತ್ತಿದ್ದೇನೆ.

ನಮ್ಮದು ಮಾಲೂರಿನಿಂದ ಕೋಲಾರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲಲೋ ಬೇಡವೋ ಎಂದು ಯೋಚಿಸಿ ನಿಲ್ಲುವ ಊರು. ನಮಗೆ ನೆಂಟರಲ್ಲದಿದ್ದರೂ ಊರಿಗೆಲ್ಲ ತಾತನಾಗಿದ್ದ ಪಿಳ್ಳಪ್ಪ ಆಂಧ್ರದ ಗಡಿಯ ನಂಗಲಿ ಕಡೆಯಿಂದ ಬಂದು ನೆಲೆಸಿದವರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ತಾರಸಿಯ ಮೇಲೆ ಎರಡೂ. ಕೋಲಾರದ ಸಣ್ಣ ಟವರಿನಿಂದ ಟೀವಿಗೆ ಚಿತ್ರ ಬರುತ್ತಿದ್ದ ಕಾಲದಲ್ಲಿ ನಮ್ಮೂರಿನ ಮನೆಮನೆಗೂ ಆಂಟೆನಾ ನಿಲ್ಲಿಸಿದವರು ಅವರೇ. ನಿಲ್ಲಿಸುವ ಮೊದಲು ಪ್ರತಿ ಪೈಪಿನ ಬುಡದಲ್ಲೂ ಆ ಮನೆಯವರ ಹೆಸರಿನ ಮೊದಲಕ್ಷರವನ್ನು ಅರದಿಂದ ಗೀರುವುದು ಅವರ ಪದ್ಧತಿ. ‘ಬಣ್ಣ ಆದ್ರೆ ಮಳೇಲಿ ಹೋಗ್ತದೆ. ಗೀರಿದ್ದು ಹೋಗಲ್ಲ’ ಎನ್ನುತ್ತಿದ್ದರು. ಪೈಪಿನ ಬಗ್ಗೆ ಹೇಳಿದ ಮಾತು. ಅವರ ಮನಸ್ಸಿಗೂ ಸಲ್ಲುತ್ತಿತ್ತು.

ಆಮೇಲೆ ಕೇಬಲ್ ಬಂತು. ಅದನ್ನು ತಂದವನು ಅಶ್ವತ್ಥ. ಕೇಬಲ್ ಹಾಕಿಸಿಕೊಂಡವರ ಆಂಟೆನಾಗಳನ್ನು ಅವನ ಆಳುಗಳೇ ಬಿಚ್ಚಿ ಒಯ್ದರು. ಜನ ಕೊಟ್ಟರು, ಅವರು ಒಯ್ದರು. ಅದನ್ನು ಕಳವು ಎಂದು ನಾನೂ ವಾದಿಸಲಾರೆ. ಆದರೆ ತಾತ ರಿಪೇರಿಗೆಂದು ಆವನಿ ಊರಿಗೆ ಹೋಗಿದ್ದ ದಿನ ಅವರು ತಾತನ ಮನೆಗೂ ಬಂದರು. ‘ತಾತನೇ ಕಳ್ಸವ್ರೆ, ಬಿಚ್ಕೊಂಡ್ ಹೋಗಿ ಅಂದ್ರು’ ಎಂದು ಹೇಳಿ ಅವರ ಆಂಟೆನಾವನ್ನೂ ಇಳಿಸಿದರು. ತಾತನ ಹೆಂಡತಿ ನಾರಾಯಣಮ್ಮಜ್ಜಿ ಬಿಸಿಲಲ್ಲಿ ದಣಿದ ಹುಡುಗರೆಂದು ಮಜ್ಜಿಗೆ ಬೇರೆ ಕೊಟ್ಟರು. ‘ಮಜ್ಜಿಗೆ ಕೊಟ್ನಲ್ಲಾ, ಅದೂ ಒಗ್ಗರಣೆ ಹಾಕಿ ಕೊಟ್ನಲ್ಲಾ’ ಎಂದು ಅಜ್ಜಿ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾರೆ.

ಮಾರನೆಯ ದಿನ ತಾತ ಟೀ ಅಂಗಡಿಯಲ್ಲಿ ಅಶ್ವತ್ಥನನ್ನು ಕೇಳಿದರು. ಅವನು ಬನ್ನು ಅದ್ದಿಕೊಂಡು ತಿನ್ನುತ್ತಲೇ ಹೇಳಿದನಂತೆ: ‘ಗುಜರಿಗೆ ಹೋಯ್ತು ಪಿಳ್ಳಪ್ಪಾ. ಬಿಡು, ಕಾಗೆ ಕೂತ್ಕೊಳ್ಳಾಕೆ ಬೇರೆ ಜಾಗ ನೋಡ್ಕೊಳ್ತದೆ.’ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಹುಟ್ಟುವ ಮೊದಲು ನಡೆದದ್ದಾದರೂ ನನಗೆ ಆ ನಕ್ಕವರೆಲ್ಲರ ಹೆಸರೂ ಗೊತ್ತು, ಏಕೆಂದರೆ ತಾತ ಅದನ್ನು ಕ್ರಮವಾಗಿ ಹೇಳುತ್ತಿದ್ದರು. ಮೂರನೆಯದು ನಮ್ಮಪ್ಪನ ಹೆಸರು.

ತಾತ ಕೇಬಲ್ ಹಾಕಿಸಿಕೊಳ್ಳಲಿಲ್ಲ. ಅಳಿದುಳಿದ ಕಡ್ಡಿಗಳನ್ನು ಸೇರಿಸಿ, ಬಿದಿರಿನ ಗಳಕ್ಕೆ ಕಟ್ಟಿ, ಇನ್ನೊಂದು ಆಂಟೆನಾ ನಿಲ್ಲಿಸಿದರು. ಕೆಲವು ವರ್ಷಗಳ ಹಿಂದೆ ಕೋಲಾರದ ಟವರೂ ನಿಂತುಹೋಯಿತು. ಆಗ ಹೈಸ್ಕೂಲಿನಲ್ಲಿದ್ದ ನಾನು ಹೊಸದಾಗಿ ವಾದ ಕಲಿತವರ ಹುಮ್ಮಸ್ಸಿನಲ್ಲಿ ಅವರ ಜಗಲಿಗೆ ಹೋಗಿ, ‘ತಾತಾ, ಟವರ್ ಸತ್ತೋಗಿದೆ. ನೀವ್ ನಿಲ್ಸಿರೋದು ಆಂಟೆನಾ ಅಲ್ಲ, ಸಮಾಧಿ ಕಲ್ಲು’ ಎಂದು ಮೂರು ಕಾರಣ ಕೊಟ್ಟು ಸಾಧಿಸಿದೆ. ಅವರು ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತ ಹೇಳಿದರು:

‘ಗೆದ್ದೆ ಕಣೇ ಲಾಯರಮ್ಮ. ಯಾರ್ ಮುಂದೆ ಗೆದ್ದೆ? ನನ್ ಮುಂದೆ, ಈ ಎಮ್ಮೆ ಮುಂದೆ. ಸೋತಿದ್ದು ಜನದ್ ಮುಂದೆ ಅಂದ್ರೆ ಗೆಲ್ಲೋದೂ ಜನದ್ ಮುಂದೇನೇ ಆಗ್ಬೇಕು.’

ಅಂದಿನಿಂದ ನಾನು ಅವರಿಗೆ ಲಾಯರಮ್ಮ.

ಬೆಂಗಳೂರಿನ ದೊಡ್ಡ ಟವರಿನಿಂದ ಸರ್ಕಾರಿ ಚಾನೆಲ್ಲುಗಳನ್ನು ಡಿಜಿಟಲ್ ಆಗಿ ಗಾಳಿಯಲ್ಲಿ ಬಿಡುತ್ತಾರೆ, ಹಳೆಯ ಆಂಟೆನಾಕ್ಕೆ ಒಂದು ಪೆಟ್ಟಿಗೆ ಸಿಕ್ಕಿಸಿದರೆ ಸಾಕು, ತಂತಿಯೂ ಬೇಡ ಡಿಶ್ಶೂ ಬೇಡ ಎಂಬ ಸುದ್ದಿ ಅವರಿಗೆ ಎಲ್ಲಿಂದ ಸಿಕ್ಕಿತೋ ತಿಳಿಯದು. ಒಂದು ದಿನ ಬೆಂಗಳೂರಿಗೆ ಹೋಗಿ ಅಂಗೈಯಗಲದ ಪೆಟ್ಟಿಗೆ ತಂದರು. ಇಷ್ಟು ದೂರ ಬರುವುದಿಲ್ಲ ಎಂದು ನಾನು. ‘ಕಡ್ಡಿ ಸುಳ್ಳು ಹೇಳಲ್ಲ, ಹಿಡಿದೋನು ಹೇಳ್ತಾನೆ’ ಎಂದು ಅವರು. ಒಂದು ವಾರ ಅವರು ತಾರಸಿಯ ಮೇಲೆ ಗಳ ತಿರುಗಿಸಿದರು, ನಾನು ಕೆಳಗೆ ಟೀವಿಯ ಮುಂದೆ ಕೂತೆ. ಚಿತ್ರ ಮಿಂಚಿದೊಡನೆ ನಾನು ‘ಬಂತು!’ ಎಂದು ಕೂಗುವುದು, ಅವರು ನಿಲ್ಲಿಸುವುದು, ಅಷ್ಟರಲ್ಲಿ ಪರದೆ ಕಪ್ಪಾಗುವುದು. ಏಳು ದಿನ ಇದೇ ಆಟ.

ತಪ್ಪು ಎಲ್ಲಿದೆಯೆಂದು ಕಂಡುಹಿಡಿದವರು ತಾತನೇ. ಹಳೆಯ ಕಾಲದಲ್ಲಿ ಆಂಟೆನಾ ಸರಿಯಾದ ದಿಕ್ಕಿಗೆ ಬಂದ ಕ್ಷಣವೇ ಟೀವಿಯಲ್ಲಿ ಚಿತ್ರ ಬರುತ್ತಿತ್ತು. ಈ ಪೆಟ್ಟಿಗೆ ಹಾಗಲ್ಲ. ಸಿಗ್ನಲ್ ಸಿಕ್ಕ ಮೇಲೆ ಅದು ಕೆಲವು ಕ್ಷಣ ಯೋಚಿಸಿ ಆಮೇಲೆ ಚಿತ್ರ ಕೊಡುತ್ತದೆ. ನಾನು ‘ಬಂತು’ ಎನ್ನುವ ಹೊತ್ತಿಗೆ ಅವರ ಗಳ ಸರಿಯಾದ ಜಾಗ ದಾಟಿ ಹೋಗಿರುತ್ತಿತ್ತು. ಅವರು ಇಷ್ಟು ವರ್ಷ ಮಾಡಿದ ಅಭ್ಯಾಸವೇ ನಮಗೆ ಅಡ್ಡ ಬಂದಿತ್ತು. ಅಂದಿನಿಂದ ಅವರ ಹೊಸ ಕ್ರಮ: ಒಂದು ಬೆರಳಿನಷ್ಟು ತಿರುಗಿಸುವುದು, ಕೈ ಬಿಡುವುದು, ಹತ್ತು ಎಣಿಸುವುದು. ‘ಒಕಟಿ, ರೆಂಡು, ಮೂಡು...’ ಎಣಿಕೆ ಯಾವಾಗಲೂ ತೆಲುಗಿನಲ್ಲಿ. ಎಂಟನೇ ದಿನ ‘ತೊಮ್ಮಿದಿ’ಗೆ, ಅಂದರೆ ಒಂಬತ್ತಕ್ಕೆ, ಚಿತ್ರ ಕೊರೆದಿಟ್ಟ ಹಾಗೆ ಬಂದು ನಿಂತಿತು. ಹಳೆಯದರಂತೆ ಚುಕ್ಕಿಚುಕ್ಕಿಯ ನಡುವೆ ಅರ್ಧಂಬರ್ಧ ಮುಖ ಕಾಣಿಸುವ ಮಾತೇ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ತಾತ ಕೆಳಗಿಳಿದು ಬಂದು ಅದನ್ನೇ ನೋಡುತ್ತ ನಿಂತರು. ‘ಇದು ನನ್ ಥರಾನೇ ಐತೆ. ಅರ್ಧ ಕ್ಷಮ್ಸೋದು ಇದಕ್ಕೂ ಬರಲ್ಲ.’

ಈಗ ನನ್ನ ಹಗೆಯ ವಿಷಯಕ್ಕೆ ಬರುತ್ತೇನೆ. ಅಶ್ವತ್ಥ ನಮ್ಮೂರ ಕೆರೆಯಂಗಳದಲ್ಲಿ, ಕೆರೆಗೆ ನೀರು ಬರುವ ಕಾಲುವೆಯ ಬಾಯಿಗೇ, ಒಂದು ತಗಡಿನ ಶೆಡ್ಡು ಹಾಕಿಕೊಂಡು ಅದರಿಂದಲೇ ಕೇಬಲ್ ನಡೆಸುತ್ತಿದ್ದ. ಮಳೆ ಬಂದರೆ ಕೆರೆಗೆ ಹೋಗಬೇಕಾದ ನೀರು ನಮ್ಮ ಕೆಳಗಿನ ಬೀದಿಯ ಮನೆಗಳಿಗೆ ನುಗ್ಗುತ್ತಿತ್ತು. ನಾನು ದೂರು ಬರೆದುಕೊಂಡು ಪಂಚಾಯ್ತಿಗೆ ಹೋದೆ. ‘ಒಬ್ಳು ಕೊಟ್ರೆ ಅದು ಜಗಳ ಕಣಮ್ಮ. ಐವತ್ತು ಸಹಿ ತಾ, ದೂರಾಗ್ತದೆ’ ಎಂದರು. ಸಹಿಗೆ ಮನೆಮನೆ ತಿರುಗಿದೆ. ಧಾರಾವಾಹಿ ನಿಂತುಹೋಗುವ ಭಯಕ್ಕೆ ಒಬ್ಬರೂ ಹಾಕಲಿಲ್ಲ. ನೀರಲ್ಲಿ ಅಕ್ಕಿಮೂಟೆ ನೆನೆದವರೂ ಹಾಕಲಿಲ್ಲ.

ಅದೇ ಸಮಯಕ್ಕೆ ಸರ್ಕಾರಿ ಕನ್ನಡ ಚಾನೆಲ್ಲಿನ ವಿದ್ಯಾರ್ಥಿಗಳ ಚರ್ಚೆಗೆ ನಮ್ಮ ಕಾಲೇಜಿನಿಂದ ನನ್ನನ್ನು ಕಳಿಸಿದರು. ಊರಿನ ಕೆರೆ ಯಾರದು ಎಂಬುದು ವಿಷಯ. ಬಿಡುತ್ತೇನೆಯೇ? ಚಿತ್ರೀಕರಣ ಮುಗಿಸಿ ಬಂದು, ಭಾನುವಾರ ಸಂಜೆ ಐದೂವರೆಗೆ ನೋಡಿ ಎಂದು ಊರಿಗೆಲ್ಲ ಹೇಳಿದೆ. ಅಶ್ವತ್ಥ ಬಸ್ ಸ್ಟಾಪಿನಲ್ಲಿ ಸಿಕ್ಕಿ ಹಲ್ಲು ಕಿರಿದ. ‘ಟೀವಿಲ್ ಬರ್ತೀಯಂತೆ? ಒಳ್ಳೇದ್ ಕಣಮ್ಮ. ಆದ್ರೆ ಜನ ನೋಡ್ಬೇಕಾಗಿರೋದು ನಮ್ ತಂತಿಲೇ ಅಲ್ವಾ?’ ಶುಕ್ರವಾರದಿಂದ ಆ ಚಾನೆಲ್ ಇದ್ದ ಜಾಗದಲ್ಲಿ ಬರೀ ನೀಲಿ ಪರದೆ. ಊರಲ್ಲಿ ಡಿಶ್ ಇದ್ದ ಮೂರು ಮನೆಗಳೂ ಅವನ ನೆಂಟರವೇ.

ಫೋನಿನಲ್ಲಿ ತೋರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ತಾತನಿಗೆ ಅದನ್ನೇ ಹೇಳಿದೆ. ‘ಫೋನು ಒಬ್ಬೊಬ್ರೇ ನೋಡ್ತಾರೆ. ಒಬ್ನೇ ನೋಡ್ದೋನು ನೋಡಿಲ್ಲ ಅಂತಾನೆ’ ಎಂದರು. ಜಾಗವನ್ನೂ ಅವರೇ ಆರಿಸಿದರು: ಹಾಲಿನ ಡೇರಿ. ಸಂಜೆ ಐದೂವರೆಗೆ ಊರೆಲ್ಲ ಕ್ಯಾನು ಹಿಡಿದು ಅಲ್ಲಿ ಸಾಲು ನಿಂತಿರುತ್ತದೆ. ಎರಡು ಸೀಮೆ ಹಸು ಕಟ್ಟಿದ್ದ ಅಶ್ವತ್ಥನೂ ನಿಂತಿರುತ್ತಾನೆ. ಹಾಲು ಅಳೆಸದೆ ಯಾರೂ ಸಾಲು ಬಿಟ್ಟು ಹೋಗುವುದಿಲ್ಲ.

ಕೆಳಗಿನ ಬೀದಿಯವರೇ ಆದ ಡೇರಿ ಕಾರ್ಯದರ್ಶಿ ಮೇಜು ಕೊಟ್ಟರು. ಟೀವಿಯನ್ನು ನಮ್ಮಪ್ಪ ಹೊತ್ತು ತಂದರು. ಅಂದು ನಕ್ಕವರಲ್ಲಿ ಮೂರನೆಯವರಾಗಿದ್ದಕ್ಕೆ ಅದು ದಂಡ. ಎಪ್ಪತ್ತು ದಾಟಿದ ತಾತ ಗಳ ಹಿಡಿದು ಡೇರಿಯ ತಾರಸಿ ಹತ್ತಿದರು.

ಐದೂವರೆಯಾಯಿತು. ಪರದೆ ಕಪ್ಪು. ಸಾಲಿನಲ್ಲಿ ಏಳೆಂಟು ಜನರ ಹಿಂದೆ ನಿಂತಿದ್ದ ಅಶ್ವತ್ಥ ಎಲ್ಲರಿಗೂ ಕೇಳುವಂತೆ ಕೂಗಿದ: ‘ಏನ್ ಪಿಳ್ಳಪ್ಪಾ, ಕಾಗೆ ಬಂದು ಕೂತ್ಕೊಳ್ತೇನಪ್ಪಾ?’

ಕೆಲವರು ನಕ್ಕರು. ಪರದೆಯಲ್ಲಿ ಚೌಕಚೌಕವಾಗಿ ಏನೋ ಮಿಂಚಿ ಹೋಯಿತು. ನಾನು ತಡೆಯಲಾರದೆ ‘ಬಂತು ತಾತಾ, ಬಂತು!’ ಎಂದುಬಿಟ್ಟೆ.

‘ಬಾಯ್ ಮುಚ್ಚೇ ಲಾಯರಮ್ಮ!’ ಮೇಲಿನಿಂದ ಗದರಿಕೆ ಬಂತು. ‘ಕೈ ಬಿಟ್ಟಿದೀನಿ. ಒಕಟಿ... ರೆಂಡು...’

ಸಾಲಿನಲ್ಲಿದ್ದ ಹೆಂಗಸರಲ್ಲಿ ಒಬ್ಬಾಕೆ ‘ಮೂಡು’ ಎಂದಳು. ಆಮೇಲೆ ನಾಲ್ಕೈದು ಜನ ಸೇರಿಕೊಂಡರು. ‘ಐದು, ಆರು, ಏಡು, ಎನಿಮಿದಿ...’ ಪರದೆಯಲ್ಲಿ ನನ್ನ ಮುಖ ಬಂದು ನಿಂತಿತು. ಸರಿಯಾಗಿ ನನ್ನ ಶೆಡ್ಡಿನ ಮಾತಿಗೇ ಬಂದಿತೆಂದರೆ ನಂಬಬೇಡಿ, ಮೊದಲು ಎರಡು ನಿಮಿಷ ಬೇರೆ ಯಾರೋ ಮಾತಾಡಿದರು. ಅಷ್ಟರಲ್ಲಿ ಅಶ್ವತ್ಥನ ಸರದಿ ಹತ್ತಿರ ಬಂದಿತ್ತು. ಕಾರ್ಯದರ್ಶಿ ಅಂದು ಹಾಲು ಪರೀಕ್ಷಿಸಿದಷ್ಟು ನಿಧಾನವಾಗಿ ಯಾವತ್ತೂ ಪರೀಕ್ಷಿಸಿದ್ದಿಲ್ಲ. ಟೀವಿಯೊಳಗಿನ ನಾನು ಹೇಳಿದೆ: ‘ನಮ್ಮೂರ ಕೆರೆಯಂಗಳದಲ್ಲಿ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ನೀಲಿ ಬಾಗಿಲು. ಅಲ್ಲಿಂದ ಊರಿನ ಪ್ರತಿ ಮನೆಗೂ ಒಂದು ತಂತಿ ಹೋಗಿದೆ. ಆದ್ದರಿಂದ ಪ್ರತಿ ಮನೆಯ ಬಾಯಿಯೂ ಕಟ್ಟಿದೆ.’

ಸಾಲು ಪೂರ್ತಿ ಅವನ ಕಡೆ ತಿರುಗಿತು. ಕೈಯಲ್ಲಿ ಕ್ಯಾನು, ಹಿಂದೆ ಜನ, ಮುಂದೆ ನಾನು. ಆಚೆ ಈಚೆ ಹೋಗಲಾರದೆ ನಿಂತಿದ್ದ ಅವನ ಮುಖವನ್ನು ನಾನು ಸಾವಕಾಶವಾಗಿ, ಯಾವ ನಾಚಿಕೆಯೂ ಇಲ್ಲದೆ ನೋಡಿದೆ. ಇವತ್ತಿಗೂ ಮನಸ್ಸು ಕುಗ್ಗಿದ ದಿನ ಅದನ್ನು ನೆನೆಸಿಕೊಳ್ಳುತ್ತೇನೆ. ಅವನು ಹಾಲು ಅಳೆಸಿ ಹೋದ ಮೇಲೆ ಕಾರ್ಯದರ್ಶಿ ತಮ್ಮ ಪೆನ್ನು ತೆಗೆದು ನನ್ನ ಕಾಗದದ ಮೇಲಿಟ್ಟರು. ಕ್ಯಾನು ಖಾಲಿಯಾದವರೆಲ್ಲ ಸಹಿ ಹಾಕಿದರು. ಐವತ್ತಕ್ಕೆ ಜಾಗ ಸಾಲದೆ ಹಿಂಬದಿಗೂ ಬರೆಸಿದೆ.

ದೂರು ಮಾಲೂರಿಗೆ ಹೋಯಿತು, ಸರ್ವೆಯವರು ಬಂದರು, ನೋಟಿಸು ಹೊರಟಿತು, ಯಾವುದೂ ಬೇಗ ಆಗಲಿಲ್ಲ. ಚಳಿಗಾಲದಲ್ಲಿ ತಾತ ಹಾಸಿಗೆ ಹಿಡಿದರು. ಕೊನೆಯ ಸಲ ಕಂಡಾಗ ಅವರ ಮಂಚವನ್ನು ಅಂಗಳದ ಎಳೆಬಿಸಿಲಿಗೆ ಹಾಕಿದ್ದರು. ಮೇಲೆ ಗಳ ಕಾಣುವಂತೆ ಮಲಗಿದ್ದರು.

‘ಶೆಡ್ ಬಿತ್ತಾ?’

‘ಇಲ್ಲ ತಾತ. ನೋಟಿಸ್ ಹೋಗಿದೆ. ಇನ್ನೊಂದ್ ಅರ್ಜಿ ಕೊಡೋಣ ಅಂತಿದೀನಿ, ಮೇಲಿನೋರಿಗೆ, ಪೇಪರ್‌ನೋರಿಗೆ...’

‘ಎಷ್ಟ್ ಎಣ್ಸಿದೀಯ?’

ಏನು ಹೇಳಲಿ? ‘ಏಳು’ ಎಂದೆ.

‘ಇನ್ನೂ ಮೂರ್ ಐತಲ್ಲ. ಸುಮ್ನಿರು. ತಿರುಗ್ಸಬೇಡ.’

ಆ ವಾರವೇ ತೀರಿಕೊಂಡರು. ಅಶ್ವತ್ಥ ತನ್ನ ಕೇಬಲ್ಲಿನಲ್ಲಿ ಅವರ ಫೋಟೊ ಹಾಕಿ, ‘ನಗುಮೊಗದ ಹಿರಿಯರಿಗೆ ಶ್ರದ್ಧಾಂಜಲಿ’ ಎಂದು ಮೂರು ದಿನ ಓಡಿಸಿದನಂತೆ. ಅಜ್ಜಿಯ ಮನೆಯಲ್ಲಿ ಕೇಬಲ್ ಇರಲಿಲ್ಲವಾದ್ದರಿಂದ ಆ ನಗುಮೊಗವನ್ನು ಅವರು ನೋಡಬೇಕಾಗಲಿಲ್ಲ.

ಶೆಡ್ಡು ಬಿದ್ದದ್ದು ಮುಂಗಾರಿಗೆ ಸ್ವಲ್ಪ ಮೊದಲು. ಜೆಸಿಬಿ ತಗಡುಗಳನ್ನು ಎಳೆದು ಹಾಕಿದ ಮೇಲೆ ಅವುಗಳ ಕೆಳಗೆ ಆಧಾರಕ್ಕೆ ಕೊಟ್ಟಿದ್ದ ಪೈಪುಗಳು ನೆಲಕ್ಕೆ ಉರುಳಿದವು. ನಮ್ಮಪ್ಪ ಒಂದನ್ನು ತಿರುವಿ ನೋಡಿದರು. ಬುಡದಲ್ಲಿ ಅರದಿಂದ ಗೀರಿದ ಅಕ್ಷರ: ನಮ್ಮಪ್ಪನ ಅಪ್ಪನ ಹೆಸರಿನದು. ಗುಜರಿಗೆ ಹೋಗಿರಲಿಲ್ಲ ಅವು. ನಮ್ಮೂರ ತಾರಸಿಗಳಿಂದ ಕಿತ್ತ ಪೈಪುಗಳ ಮೇಲೆಯೇ ಅವನ ಶೆಡ್ಡು ಇಷ್ಟು ವರ್ಷ ನಿಂತಿತ್ತು. ಸುದ್ದಿ ಹಬ್ಬಿ ಜನ ಬಂದರು, ತಂತಮ್ಮ ಮನೆಯ ಅಕ್ಷರ ಹುಡುಕಿ ಹೆಗಲ ಮೇಲೆ ಹೊತ್ತು ಹೋದರು. ಕಟ್ಟೆಯ ಮೇಲೆ ನಿಂತಿದ್ದ ಅಶ್ವತ್ಥನ ಜೊತೆ ಒಬ್ಬರೂ ಮಾತಾಡಲಿಲ್ಲ.

‘ಪಿ’ ಎಂದು ಗೀರಿದ್ದು ಕೊನೆಗೆ ಉಳಿಯಿತು. ಅಪ್ಪನೂ ನಾನೂ ಅದನ್ನು ಹೊತ್ತು ಅಜ್ಜಿಯ ಮನೆಗೆ ಒಯ್ದೆವು. ಅಜ್ಜಿ ಆ ಅಕ್ಷರವನ್ನು ಹೆಬ್ಬೆರಳಲ್ಲಿ ಸವರಿ, ‘ನಿಲ್ಸಿ’ ಎಂದರು. ನಾನು ತಾರಸಿ ಹತ್ತಿ, ಬಿದಿರು ತೆಗೆದು, ಕಡ್ಡಿಗಳನ್ನು ಪೈಪಿಗೆ ಕಟ್ಟಿ ನಿಲ್ಲಿಸಿದೆ. ಬೆಂಗಳೂರಿನ ದಿಕ್ಕಿಗೆ ಒಂದು ಬೆರಳು ತಿರುಗಿಸಿ ಎಣಿಸಲು ಶುರುಮಾಡಿದೆ.

‘ಆ ಕಡೆ ಬೇಡ’ ಎಂದರು ಅಜ್ಜಿ ಅಂಗಳದಿಂದ. ‘ಅಶ್ವತ್ಥನ್ ಮನೆ ಕಡೆ ತಿರುಗ್ಸು.’

‘ಆ ಕಡೆಯಿಂದ ಏನೂ ಬರಲ್ಲ ಅಜ್ಜಿ.’

‘ಬರೋದ್ ಬೇಡ. ದಿನಾ ಬೆಳಿಗ್ಗೆ ಎದ್ದು ಅವ್ನು ನೋಡಿದ್ರೆ ಸಾಕು.’

ತಿರುಗಿಸಿ, ಬಿಗಿದು, ಕೈ ಬಿಟ್ಟೆ.