ಸೀಟಿಯಕ್ಕ ಎಲೆಕ್ಷನ್ನಿಗೆ ನಿಂತಿದ್ದು

ಪೇಪರಿನವರು ಅವಳ ಬಗ್ಗೆ ಬರೆದಿದ್ದು ಒಂದೂವರೆ ಸಾಲು. 'ಪಕ್ಷೇತರ ಅಭ್ಯರ್ಥಿ, ಕಲ್ಲು ಕ್ವಾರಿಯ ಕೂಲಿ ಹೆಂಗಸು' ಅಂತ. ಅಷ್ಟೇನಾ? ಅವಳ ಜೊತೆ ಒಂದೇ ನಲ್ಲಿಗೆ ಕೊಡ ಇಟ್ಟು ವರ್ಷಗಟ್ಟಲೆ ಜಗಳ ಆಡಿದವಳು ನಾನು. ಅವಳ ಗಂಡನ ತಮ್ಮ ನನ್ನ ಗಂಡ, ಅವಳು ನನ್ನ ಓರಗಿತ್ತಿ. ಬಾಯಿತುಂಬ ಅಕ್ಕ ಅಂತಿದ್ದೆ, ಬೆನ್ನ ಹಿಂದೆ ಏನಂತಿದ್ದೆ ಅಂತ ಕೇಳಬೇಡಿ.

ಅವಳು ಸೊಸೆಯಾಗಿ ಬಂದಾಗ ಆ ಮನೇಲಿ ಅತ್ತೆ ಇರಲಿಲ್ಲ. ಇದ್ದಿದ್ದು ಒಬ್ಬ ಕುಡುಕ ಗಂಡ, ಮೂಗಲ್ಲಿ ಸಿಂಬಳ ಸುರಿಸ್ಕೊಂಡು ಓಡಾಡೋ ಒಬ್ಬ ಮೈದುನ. ಆ ಸಿಂಬಳಬುರುಕನೇ ಮುಂದೆ ನನ್ನ ಕೊರಳಿಗೆ ಬಿದ್ದಿದ್ದು. ಅವನಿಗೆ ತುತ್ತು ಇಟ್ಟವಳು, ಜ್ವರ ಬಂದ್ರೆ ಮಡಿಲಲ್ಲಿ ಹಾಕ್ಕೊಂಡು ಕೂತವಳು ಅಕ್ಕ. ಸ್ವಂತ ಮಕ್ಕಳಾಗಲಿಲ್ಲ ಅವಳಿಗೆ. ಅತ್ತಿಗೆ ಅನ್ನೋದು ಬಿಟ್ಟು ಅವನು ಅವ್ವ ಅಂತಿದ್ದ.

ಗಂಡ ದಿನಾ ಹೊಡೀತಿದ್ದ. ಒಂದಿನ ಅಡುಗೆಮನೇಲಿ ಅವಳ ಜುಟ್ಟು ಹಿಡಿದು ಗೋಡೆಗೆ ಗುದ್ದಿದ. ಅವಳು ಜಲ್ಲಿ ಒಡೆಯೋ ಸುತ್ತಿಗೆ ತಗೊಂಡು ಅವನ ಮಣಿಕಟ್ಟಿನ ಮೇಲೆ ಒಂದೇ ಏಟು ಬಿಟ್ಲು. ಮೂಳೆ ಲಟಕ್ ಅಂದಿದ್ದು ಪಕ್ಕದ ಮನೆಗೂ ಕೇಳಿಸ್ತಂತೆ. "ಇನ್ನೊಂದು ಕೈ ಇದೆ, ಜೋಪಾನವಾಗಿ ಇಟ್ಕೋ" ಅಂದ್ಲಂತೆ. ಆಮೇಲೆ ಅವನು ಕೈ ಎತ್ತಿದ್ದು ಕುಡಿಯೋಕೆ ಮಾತ್ರ. ಕುಡಿದೇ ಒಂದಿನ ಕ್ವಾರೀಲಿ ಮದ್ದು ಸಿಡಿಯೋ ಜಾಗಕ್ಕೆ ನಡೆದು ಹೋದ. ಚೀಲದಲ್ಲಿ ತಂದ್ರು.

ಅದಾದ ಮೇಲೆ ಅವಳು ಕ್ವಾರೀಲಿ ಸೀಟಿ ಊದೋ ಕೆಲಸ ಕೇಳಿ ತಗೊಂಡ್ಲು. ಮದ್ದು ಸಿಡಿಸೋ ಮೊದಲು ಮೂರು ಸಲ ಊದಬೇಕು. ಮೂರನೇದು ಉದ್ದ, ಕೊನೇಲಿ ಒಂದು ಎಳೆತ. ಅದು ಕೇಳಿದ ತಕ್ಷಣ ಎಲ್ಲಿದ್ದವರು ಅಲ್ಲೇ ಬೋರಲು ಬಿದ್ದು ತಲೆ ಮೇಲೆ ಕೈ ಇಟ್ಕೋಬೇಕು. ಮತ್ತೆ ಒಂದು ಗಿಡ್ಡ ಸೀಟಿ ಬರೋ ತನಕ ಕತ್ತು ಎತ್ತೋ ಹಾಗಿಲ್ಲ. ಎತ್ತಿದವರ ಗತಿ ನಾವು ನೋಡಿದೀವಿ. ನಮ್ಮ ಕ್ವಾರಿ ಜನಕ್ಕೆ ಇದು ಮೂಳೆಗೆ ಇಳಿದ ಪಾಠ, ನಿದ್ದೇಲಿ ಕೇಳಿದ್ರೂ ಮಂಚದಿಂದ ಕೆಳಗೆ ಉರುಳ್ತೀವಿ.

ಎಲೆಕ್ಷನ್ ಯಾಕೆ ಅಂದ್ರೆ, ಒಂದು ಮಧ್ಯಾಹ್ನ ಸಿಡಿದ ಕಲ್ಲು ನಮ್ಮ ಬೀದಿಯ ಒಂದು ಮನೆಯ ಸೂರಿನ ಶೀಟು ತೂರಿಕೊಂಡು ಬಂದು ಮಗೂಗೆ ಹಾಲು ಕುಡಿಸ್ತಿದ್ದ ಬಾಣಂತಿಯ ಬೆನ್ನು ಮುರೀತು. ಕ್ವಾರಿ ಧಣೀನೇ ನಮ್ಮ ಎಮ್ಮೆಲ್ಲೆ. ಬಂದು ನಿಂತು, "ಕಲ್ಲಿಗೇನು ಕಣ್ಣಿದೆಯಾ ಅಮ್ಮಾ?" ಅಂದ.

"ಕಲ್ಲಿಗಿಲ್ಲ. ನಿನಗಿದೆಯಲ್ಲ" ಅಂದ್ಲು ಅಕ್ಕ. ಮಾರನೇ ದಿನ ಕೆಲಸ ಬಿಟ್ಟು, ಸೀಟಿ ತಂದು ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ನಾಮಪತ್ರ ಹಾಕಿ ಬಂದ್ಲು.

ಅವಳಿಗೆ ನೀತಿ ಗೀತಿ ಗೊತ್ತಿಲ್ಲ, ಬರೀ ಸಿಟ್ಟು ಅಂತ ಓದಿದವರು ನಕ್ಕರು. ಅವರ ಬಾಯಿಗೆ ಮಣ್ಣು ಹಾಕ! ಮನೆಗಳಿಂದ ಅರ್ಧ ಮೈಲಿ ಒಳಗೆ ಮದ್ದು ಸಿಡಿಸಬಾರದು. ಕಲ್ಲಿನ ಧೂಳು ಕುಡಿದು ಕೆಮ್ಮಿ ಸತ್ತವನು ಕೆಲಸದಲ್ಲೇ ಸತ್ತ ಅಂತ ಲೆಕ್ಕ, ಅವನ ಹೆಂಡತಿಗೆ ಪಿಂಚಣಿ. ಗಂಡಸು ಒಡೆದ ಜಲ್ಲಿಗೂ ಹೆಂಗಸು ಒಡೆದ ಜಲ್ಲಿಗೂ ಒಂದೇ ಕೂಲಿ. ನೀರು ನಿಂತ ಹಳೇ ಗುಂಡಿಗಳಿಗೆ ಬೇಲಿ ಹಾಕೋ ಖರ್ಚು ಅಗೆದವನದ್ದೇ. ಇದನ್ನೇ ಬೀದಿ ಬೀದೀಲಿ ನಿಂತು ಹೇಳಿದ್ಲು. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?

ಹಿಟ್ಟಿನ ಗಿರಣಿ ಮುಂದೆ ಸಭೆ ಇತ್ತು. ಕ್ವಾರಿಗೆ ಕ್ವಾರೀನೇ ಬಂದಿತ್ತು. ಅವಳ ನಾಮಪತ್ರಕ್ಕೆ ಸಹಿ ಹಾಕಿದ್ದ, ಮದ್ದು ತುಂಬೋ ಕುಳಿ ಕೊರೆಯೋ ತಾತ ಪಕ್ಕದಲ್ಲೇ ನಿಂತಿದ್ದ. ನನ್ನ ಗಂಡ ಇರಲಿಲ್ಲ. ಧಣಿಯ ಲಾರಿ ಓಡಿಸ್ತಾನೆ, ಲೋಡ್ ಇದೆ ಅಂದಿದ್ದ. ಅಕ್ಕ ಗುಂಡಿಗಳ ವಿಷಯ ಹೇಳ್ತಿದ್ಲು.

ಎಲ್ಲಿಂದಲೋ ಸೀಟಿ ಕೇಳಿಸ್ತು. ಮೂರು ಸಲ.

ಇಡೀ ಸಭೆ ನೆಲಕ್ಕೆ ಬಿತ್ತು. ಯೋಚನೆ ಮಾಡೋಕೆ ಪುರುಸೊತ್ತೆಲ್ಲಿ? ನಾನೂ ಬಿದ್ದೆ, ಅಕ್ಕನೂ ಬಿದ್ಲು. ಕೈಲಿ ರಾಡು ಹಿಡಿದವರು ನಮ್ಮ ಬೆನ್ನುಗಳ ಮಧ್ಯೆ ಆರಾಮಾಗಿ ನಡ್ಕೊಂಡು ಹೋದರು. ಗಿಡ್ಡ ಸೀಟಿ ಬರಲಿಲ್ಲ ಅಂತ ಕತ್ತು ಎತ್ತದೆ ಬಿದ್ದಿದ್ವಿ ನಾವು, ಮುಠ್ಠಾಳರು! ಏಟಿನ ಸದ್ದು ಕೇಳಿ ಎದ್ದಾಗ ತಾತನ ತಲೆ ಸೀಳಿ ರಕ್ತ ಗಿರಣಿಯ ಮೆಟ್ಟಿಲಿನ ಹಿಟ್ಟಿನ ಜೊತೆ ಕಲೆಸಿ ಹೋಗಿತ್ತು. ಅಲ್ಲೇ ಸತ್ತ. ಅಕ್ಕನ ದವಡೆ ಮುರಿದು ಜೋತಾಡ್ತಿತ್ತು. ಹಲ್ಲುಗಳನ್ನ ನಾನೇ ಆಯ್ದೆ.

ಆಸ್ಪತ್ರೇಲಿ ದವಡೆಗೆ ತಂತಿ ಕಟ್ಟೋವಾಗ ನನ್ನ ಕಿವೀಲಿ ಅದೇ ಸೀಟಿ. ಮೂರನೇದು ಉದ್ದ, ಕೊನೇಲಿ ಎಳೆತ. ಹಾಗೆ ಊದೋಕೆ ಬರೋದು ಅವಳಿಗೆ, ಇಲ್ಲಾ ಅವಳ ಮಡಿಲಲ್ಲಿ ಬೆಳೆದು ಆ ಸೀಟಿ ಜೊತೆ ಆಡ್ಕೊಂಡವನಿಗೆ. ಮನೆಗೆ ಓಡಿದೆ. ಮೊಳೆ ಖಾಲಿ. ನನ್ನ ಗಂಡ ಒಲೆ ಹತ್ತಿರ ಮಂಡಿಗೆ ಮುಖ ಕೊಟ್ಟು ಕೂತಿದ್ದ.

"ಬರೀ ಹೆದರಿಸ್ತೀವಿ ಅಂದಿದ್ರು ಕಣೇ. ಅವ್ವ ಸುಮ್ಮನೆ ಮನೇಲಿರ್ತಾಳೆ ಅಂತ..."

ಉಂಡ ಮನೆ ಗಳ ಎಣಿಸೋ ನಾಯಿ! ಒಲೆ ಮುಂದಿದ್ದ ಸೌದೆ ತಗೊಂಡು ಬಾರಿಸಿದೆ. ಬೆನ್ನು, ಭುಜ, ಎಲ್ಲಿ ಸಿಕ್ಕಿದ್ರೆ ಅಲ್ಲಿ. ಸೌದೆ ಮುರೀತು. ಅವನು ಒಂದು ಸಲಾನೂ ಕೈ ಅಡ್ಡ ಇಡಲಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಕ್ವಾರಿ ಮೇಸ್ತ್ರಿ ಬಂದ, ಕೈಲಿ ನಾಮಪತ್ರ ವಾಪಸ್ ತಗೊಳ್ಳೋ ಅರ್ಜಿ. "ಇವತ್ತು ಮೂರು ಗಂಟೆಗೆ ಗಡುವು. ನೀನು ಹಿಂದೆ ಸರಿದ್ರೆ ಹೊಡೆದವರು ಯಾರೋ ಗೊತ್ತಾಗಲಿಲ್ಲ ಅಂತ ಮುಗಿಯುತ್ತೆ. ಸರಿಯದಿದ್ರೆ ಸೀಟಿ ಊದಿದವನ ಹೆಸರು ಸ್ಟೇಷನ್ನಿಗೆ ಹೋಗುತ್ತೆ. ಕೊಲೆ ಕೇಸು. ನಿನ್ನ ಮೈದುನ, ನೋಡು."

ಅಕ್ಕ ನನ್ನ ಮುಖ ನೋಡಿದ್ಲು. ನಾನು ತಲೆ ತಗ್ಗಿಸಿದೆ. ಅವಳಿಗೆ ಗೊತ್ತಾಯ್ತು. ಗಂಡನಿಗೆ ಹೆದರಲಿಲ್ಲ, ಧಣಿಗೆ ಹೆದರಲಿಲ್ಲ, ಮುರಿದ ದವಡೆಗೂ ಹೆದರಲಿಲ್ಲ. ಆ ಮುಂಡೇಗಂಡನಿಗೋಸ್ಕರ ಪೆನ್ನು ಹಿಡಿದ್ಲು. ಕಣ್ಣಿಂದ ನೀರು ಇಳೀತಿತ್ತು. ನಾನು ಅರ್ಜಿ ಕಿತ್ಕೊಂಡು ಹರಿದು ಮೇಸ್ತ್ರಿ ಮುಖಕ್ಕೆ ಎಸೆದೆ. ಅವಳು ನನ್ನ ಸೆರಗು ಹಿಡಿದು ಜಗ್ಗಿದ್ಲು, ಗಂಟಲಲ್ಲೇ ಊಳಿಟ್ಲು. ಬಿಡಿಸ್ಕೊಂಡು ಬಂದೆ.

ಗಂಡನ ಕಾಲರ್ ಹಿಡ್ಕೊಂಡು ಹಗಲಲ್ಲೇ, ಪೇಟೆ ಬೀದೀಲೇ ಸ್ಟೇಷನ್ನಿಗೆ ನಡೆಸಿದೆ. "ಯೋಚನೆ ಮಾಡಮ್ಮಾ, ನಿನ್ನ ಸಂಸಾರ ಇದು" ಅಂದ ಪೇದೆ. "ಯೋಚನೆ ಮಾಡಿದ್ದು ಸಾಕು, ಬರ್ಕೋ" ಅಂದೆ. ಅವನು ಎಲ್ಲ ಹೇಳಿದ. ಊದಿದ್ದು ತಾನು, ಊದಿಸಿದ್ದು ಮೇಸ್ತ್ರಿ, ರಾಡು ಬಂದಿದ್ದು ಧಣಿಯ ಷೆಡ್ಡಿಂದ. ಅವನನ್ನೂ ಮೇಸ್ತ್ರೀನೂ ಒಳಗೆ ಹಾಕಿದ್ರು.

ಊರು ಹೊತ್ತಿ ಉರೀತು. ಧಣಿಯ ಲಾರಿಗಳು ಬೂದಿಯಾದವು. ವೋಟಿನ ದಿನ ಅಕ್ಕ ತಂತಿ ಕಟ್ಟಿದ ಬಾಯಲ್ಲೇ ಗಿರಣಿ ಮೆಟ್ಟಿಲ ಮೇಲೆ ಕೂತಿದ್ಲು. ಗೆದ್ಲು. ಈಗ ನಮ್ಮ ಬೀದಿಗೆ ಕಲ್ಲು ಬರಲ್ಲ.

ತಂತಿ ಬಿಚ್ಚಿಸಿದ ದಿನ ಸೀದಾ ನನ್ನ ಬಾಗಿಲಿಗೆ ಬಂದ್ಲು. ತಬ್ಬಿಕೊಳ್ಳೋಕೆ ಬಂದ್ಲು ಅಂತ ನಾನು ಎದ್ದು ಹೋದೆ. ಕೆನ್ನೆಗೆ ಬಿಟ್ಲು ನೋಡಿ, ಕಿವಿ ಗುಂಯ್ ಅಂತು. ಆಮೇಲೆ ಹೊಸಿಲ ಮೇಲೆ ಕುಸಿದು ಕೂತು, ಇನ್ನೂ ನೆಟ್ಟಗೆ ತೆರೆಯದ ಆ ಬಾಯಲ್ಲಿ ಕೇಳಿದ್ಲು:

"ನಿನ್ನ ಗಂಡನ್ನ ಕೊಟ್ಟೆ, ಅದು ನಿನ್ನಿಷ್ಟ. ನನ್ನ ಮಗನ್ನ ಕೊಡೋಕೆ ನೀನ್ಯಾರೇ?"